ಉಪ್ಪಿನ ಮಾತು

ಮೇಡಂ ಬರೆದುಕೊಟ್ಟ ಚೀಟಿ ಗೋಡೆಯಲ್ಲಿದೆ:
ಎರಡು ಗಂಟೆಗೊಮ್ಮೆ ಇನ್ನೂರು ಎಂಎಲ್,
ಮೊದಲೂ ಕೊನೆಗೂ ನೀರು,
ತಲೆದಿಂಬು ಎತ್ತರ.
ರುಚಿಯ ಸುದ್ದಿ ಅದರಲ್ಲಿಲ್ಲ.

ಗಂಟಲಲ್ಲಿ ಗಡ್ಡೆ. ಮಾತಿಲ್ಲ, ನುಂಗುವಂತಿಲ್ಲ.
ಮೂಗುಬೊಟ್ಟಿನ ಹೊಳ್ಳೆ ಮುಟ್ಟಬೇಡಿ ಅಂತ
ಕೈಸನ್ನೆಯಲ್ಲೇ ನರ್ಸಿನ ಹತ್ತಿರ ಜಗಳ ತೆಗೆದು
ಬಲಗಡೆ ಪೈಪು ಹಾಕಿಸಿಕೊಂಡವಳು ನಂಜಕ್ಕ.

ಮೂವತ್ತು ವರ್ಷ ಕಲಾಸಿಪಾಳ್ಯದಲ್ಲಿ
ಲಾರಿಯವರಿಗೆ ಮುದ್ದೆ ತಿರುವಿದ ಕೈ
ಈಗ ಸಿದ್ದಾಪುರದ ಈ ಒಂಟಿ ಕೋಣೆಯಲ್ಲಿ
ಹೊದಿಕೆಯ ಮೇಲೆ ಸುಮ್ಮನಿದೆ.

ನಾನು ಕಂಡಕ್ಟರು.
ಚಿಲ್ಲರೆ ಎಣಿಸಿ ಗೊತ್ತು, ಗಂಜಿ ಕಾಸಿ ಗೊತ್ತಿಲ್ಲ.
ರಾಗಿ ಹಾಲು, ಹೆಸರುಬೇಳೆ ಕಟ್ಟು
ಹಳೆ ಪಂಚೆಯಲ್ಲಿ ಮೂರು ಸಲ ಸೋಸಿ
ಸಿರಿಂಜಿಗೆ ಸುರಿದು ಎತ್ತಿ ಹಿಡಿಯುತ್ತೇನೆ.
ಒತ್ತಬಾರದು. ತಾನೇ ಇಳಿಯಬೇಕು.
ಮೆಜೆಸ್ಟಿಕ್ಕಿನವರೆಗೆ ಕಂಬಿ ಹಿಡಿದು ನಿಂತಂತೆ
ತೋಳು ನೋಯುತ್ತದೆ.

ನಿನ್ನೆ ಯಾಕೋ ಚಿಟಿಕೆ ಇಂಗು ಹಾಕಿದೆ.
ನಾಲಿಗೆಯ ಸ್ಟಾಪಿನಲ್ಲಿ ನಿಲ್ಲದೆ
ನೇರ ಡಿಪೋಗೆ ಹೋಗುವ ಬಸ್ಸು,
ಯಾರಿಗೆ ಗೊತ್ತಾಗುತ್ತೆ?

ಅರ್ಧ ಗಂಟೆಗೆ ಒಂದು ತೇಗು.
ಅವಳ ಹುಬ್ಬು ಗಂಟಾಯಿತು.
ಒಂದು ಗಳಿಗೆ ಕಣ್ಣು ಮುಚ್ಚಿ, ಏನನ್ನೋ ಅಳೆದು,
ಸ್ಲೇಟು ಎಳೆದುಕೊಂಡು ಬರೆದಳು:
'ಇಂಗು ಜಾಸ್ತಿ.
ಉಪ್ಪು ನಮ್ಮಪ್ಪ ಬಂದು ಹಾಕ್ತಾನಾ?'

ಎಂಟು ವಾರಕ್ಕೆ ಮೊದಲ ಬೈಗುಳ.
ಒರೆಸಲು ಮನಸ್ಸಾಗದೆ
ಸ್ಲೇಟನ್ನು ಚೀಟಿಯ ಪಕ್ಕ ಒರಗಿಸಿಟ್ಟೆ.

ಆರು ಗಂಟೆಯ ಗಂಜಿಗೆ ಮುಂಚೆ
ಅವಳೇ ಸೆರಗಿನಿಂದ ಒರೆಸಿದಳು.
'ಬೆಳ್ಳುಳ್ಳಿ?'
ಕೆಳಗೆ, ಸಣ್ಣಕ್ಷರದಲ್ಲಿ:
'ಡಾಕ್ಟ್ರನ್ನ ಕೇಳು.
ಹುರಿದು ಹಾಕು.'