ಹ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬೆನ್ನಿಗೇ ನಮ್ಮ ಶಾಲೆ.
ಒಂದನೇ ಕ್ಲಾಸಿನ ಕಿಟಕಿಗೆ
ಬೆಳಗ್ಗೆ ಹತ್ತಕ್ಕೇ ಮಸಿ.

ಕೆಂಚಮ್ಮ ಬರೆದು ತಂದಳು: ಅಕ್ಕಿ ಆರಿತು.
ಪಕ್ಕದಲ್ಲಿ ಚಿತ್ರ, ಎರಡು ರೆಕ್ಕೆ, ಒಂದು ಕೊಕ್ಕು,
ಯಾಕೋ ಮೂರು ಕಾಲು.

"ಇದು ಭಟ್ಟಿಗೆ ಹೋಗೋ ಅಕ್ಕಿ ಕಣೇ,
ಹಾರೋದಕ್ಕೆ ಹ ಬೇಕು" ಅಂದೆ.
"ಬಾಣಲ್ಯಾಗ ಅದೂ ಆರ್ತತಿ ಮಿಸ್" ಅಂದಳು.

ತಿದ್ದಿ ಕಳಿಸಿದೆ.
ಮರುದಿನ ಸ್ಲೇಟಿನ ತುಂಬ
ಹಮ್ಮ, ಹಜ್ಜಿ, ಹಾನೆ, ಹಿಲಿ.
ಪಂಕ್ತಿಯಲ್ಲಿ ಕೂತವರಿಗೆಲ್ಲ ಒಂದೊಂದು ಬಡಿಸಿಬಿಟ್ಟಿದ್ದಾಳೆ,
ಹಾಲಿನ ಪಾಲಿಗೆ ಬರುವಷ್ಟರಲ್ಲಿ ಮುಗಿದುಹೋಗಿತ್ತು:
ಆಲು.

ನಗು ಬಂತು, ನುಂಗಿಕೊಂಡೆ.
ನಮ್ಮವ್ವ ಇವತ್ತಿಗೂ ಆಲನ್ನೇ ಕಾಸುತ್ತಾಳೆ.
ಟಿ.ಸಿ.ಎಚ್. ಓದುವಾಗ ನಾನು ಕಲಿತ ಹ
ಇಸ್ತ್ರಿ ಸೀರೆಯ ಹಾಗೆ,
ಶಾಲೆಗೆ ಉಟ್ಟು ಬರುತ್ತೇನೆ,
ಸಂಜೆ ಮನೆಯಲ್ಲಿ ಗೂಟಕ್ಕೆ.

"ಯಾವ್ದಕ್ಕೈತಿ ಯಾವ್ದಕ್ಕಿಲ್ಲ
ಎಂಗೆ ಗೊತ್ತಾಗ್ತತಿ ಮಿಸ್?"
ಎಂಗೆ. ಅದಕ್ಕೂ ಒಂದು ಬೇಕಿತ್ತು.
ಉತ್ತರ ಹುಡುಕುತ್ತ ನಿಂತೆ.

ಅವಳು ಕಾಯಲಿಲ್ಲ.
ಸ್ಲೇಟನ್ನು ಬಾಯಿಯ ಹತ್ತಿರ ತಂದು
ಹಾ ಎಂದು ಉಸಿರು ಬಿಟ್ಟಳು,
ಕಪ್ಪಿನ ಮೇಲೆ ಬೆಚ್ಚನೆ ಮಬ್ಬು.
ಲಂಗದ ತುದಿಯಿಂದ ಒರೆಸಲು ಹೊರಟ ಕೈ ಹಿಡಿದೆ:
"ತಾಳು, ಇದೇ. ಈಗ ಬಂತಲ್ಲ, ಅದೇ."

ಕಣ್ಣರಳಿಸಿ, ಮತ್ತೊಮ್ಮೆ ಊದಿ,
ಆ ಮಬ್ಬಿನಲ್ಲೇ ಬೆರಳಿಂದ ಬರೆದಳು ಒಂದು ಹ,
ಬಾಲ ಉಲ್ಟಾ ತಿರುಗಿಸಿ.

ಇಬ್ಬರೂ ನೋಡುತ್ತಿದ್ದಂತೆ ಮಾಯ.
"ಆರಿತು ಮಿಸ್" ಅಂದಳು.

ಆರಿತೋ, ಹಾರಿತೋ,
ಅದೊಂದನ್ನು ನಾನು ತಿದ್ದಲಿಲ್ಲ.