ಒಂದು ಬೆರಳು ಜಾಸ್ತಿ

ನ್ಯೂ ಬೆಡ್‌ಫರ್ಡಿನ ಬಾಡಿಗೆ ಮನೆಯಲ್ಲಿ
ಒಲೆಗೂ ಬಾಗಿಲಿಗೂ ನಡುವೆ
ಎದೆಮಟ್ಟ ನಿಂತಿದೆ ನೀಲಿ ಪೀಪಾಯಿ,
ಬಾಡಿಗೆ ಕೊಡದ ನೆಂಟನ ಹಾಗೆ.
ಬಂದವರು ಅದರ ಮೇಲೆ ಲೋಟ ಇಡುತ್ತಾರೆ.
ಬೈಯುತ್ತೇನೆ:
ಅದು ಮೇಜಲ್ಲ ಮಾರಾಯರೇ,
ನನ್ನಕ್ಕ ದಿಯೊಲಿಂಡಾಳ ಉಗ್ರಾಣ.

ತುಂಬಲು ಏಳು ತಿಂಗಳು.
ತಳಕ್ಕೆ ಅಕ್ಕಿ, ಅಕ್ಕಿಯಲ್ಲಿ ಹೂತ ಎಣ್ಣೆ ಡಬ್ಬಿ,
ಸಂದುಗೊಂದಿಗೆ ಸಾಬೂನು, ಕಾಲುಚೀಲ, ತಲೆನೋವಿನ ಮಾತ್ರೆ,
ಪಾದ್ರಿಗೆ ಓದುವ ಕನ್ನಡಕ,
ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು, ಕಣ್ಣಳತೆಯದು.
ಗಾಳಿಗೆ ಒಳಗೆ ಜಾಗ ಬಿಡಬಾರದು.
ಗಾಳಿಗೂ ಅಷ್ಟೇ ಹಡಗಿನ ಬಾಡಿಗೆ.

ಶೂ ಮಾತ್ರ ಕೊನೆಗೆ.

ವರ್ಷಕ್ಕೊಮ್ಮೆ ಲೆನೀರಾಳ ಪಾದ
ಕಾಗದದಲ್ಲಿ ಮಡಚಿಕೊಂಡು ಬರುತ್ತದೆ.
ಕ್ಯಾಲೆಂಡರಿನ ಹಿಂಬದಿ, ಪೆನ್ಸಿಲ್ಲಿನ ಗೆರೆ,
ಕಿರುಬೆರಳ ಬಳಿ ಗೆರೆ ಒಂಚೂರು ನಡುಗಿದೆ.
ಕಚಗುಳಿಯಾಗಿ ನಕ್ಕಿರಬೇಕು ಅಲ್ಲಿ.
ಅಕ್ಕ ಗದರಿರಬೇಕು.
ಬೇರೆಲ್ಲ ಬಿಟ್ಟು ಆ ನಡುಕವನ್ನೇ
ಮತ್ತೆ ಮತ್ತೆ ಸವರುತ್ತೇನೆ.

ಗೆರೆಯ ಗುಂಟ ಕತ್ತರಿಸಿ ಅಂಗಡಿಗೆ ಒಯ್ಯುತ್ತೇನೆ.
ಗ್ವಾಟೆಮಾಲಾದ ಹುಡುಗ ಏನೂ ಕೇಳುವುದಿಲ್ಲ,
ಇಂಥ ಕಾಗದಗಳು ಅವನಿಗೂ ಗೊತ್ತು.
ಶೂ ಒಳಗೆ ಪಾದ ತೂರಿಸಿ
ಹಿಮ್ಮಡಿ ಬಳಿ ನನ್ನ ಬೆರಳಿಟ್ಟು
ಒಂದು ಬೆರಳು ಜಾಸ್ತಿ ಇರಲಿ, ಅನ್ನುತ್ತೇನೆ.
ಪೀಪಾಯಿ ತುಂಬುವ ತನಕ, ಹಡಗು ಏಳುವ ತನಕ,
ಪ್ರಾಯಾ ಬಂದರಿನ ಸುಂಕದವ
ಊಟ ಮುಗಿಸಿ ಬಂದು ಮುದ್ರೆ ಒತ್ತುವ ತನಕ
ಪಾದ ಸುಮ್ಮನಿರುವುದಿಲ್ಲವಲ್ಲ.
ಮೊದಲ ವರ್ಷ ಈ ಲೆಕ್ಕ ತಿಳಿದಿರಲಿಲ್ಲ.
ಕೆಂಪು ಶೂ, ಮಿಣುಕುವ ದೀಪದ್ದು,
ಪಕ್ಕದ ಮನೆಯ ಮಗುವಿಗೆ ಹೋಯಿತಂತೆ,
ಹೇಳಿ ಮಾಡಿಸಿದ ಹಾಗಿತ್ತಂತೆ.

ರಾತ್ರಿಪಾಳಿಯಲ್ಲಿ ಹ್ಯಾಡಕ್ ಮೀನು ಸೀಳುತ್ತೇನೆ.
ಮೂಳೆ ಆ ಕಡೆ, ಮಾಂಸ ಈ ಕಡೆ,
ತಲೆಗೆ ಇಲ್ಲಿ ಬೆಲೆಯಿಲ್ಲ.
ನಮ್ಮ ದ್ವೀಪದ ಹೆಂಗಸರು ಚೀಲದಲ್ಲಿ ತಂದು
ಭಾನುವಾರ ಸಾರು ಮಾಡುತ್ತೇವೆ,
ಕಣ್ಣಿನ ಪಾಲಿಗೆ ಜಗಳವಾಡುತ್ತೇವೆ.

ಪೀಪಾಯಿ ತುಂಬಿತೆಂದರೆ ವಿಳಾಸ.
ಬಿಳೀ ಬಣ್ಣದಲ್ಲಿ ದಪ್ಪಗೆ: ಪೋರ್ತೆಲಾ, ಫೋಗು.
ಬೆಂಕಿ ಎಂದೇ ಹೆಸರಿಟ್ಟುಕೊಂಡ ದ್ವೀಪ,
ಹೆಸರು ಉಳಿಸಿಕೊಳ್ಳದೆ ಇದ್ದೀತೇ?
ಬೆಟ್ಟ ಬಾಯಿಬಿಟ್ಟ ವರ್ಷ ನಮ್ಮ ಬೀದಿಯೆಲ್ಲ ಕಪ್ಪು ಕಲ್ಲಾಯಿತು.
'ಅದೇ ವಿಳಾಸ ಬರಿ' ಅಂದಳು ಅಕ್ಕ,
'ಮನೆ ಎಲ್ಲೂ ಹೋಗಿಲ್ಲ, ಕಾಲ ಕೆಳಗೇ ಇದೆ.
ಅದರ ನೆತ್ತಿ ಮೇಲೆ ಇನ್ನೊಂದು ಕಟ್ಟಿದ್ದೇವೆ.
ಲಾರಿಯವನಿಗೆ ಗೊತ್ತು.'

ಕಳಿಸಿದ ಪೀಪಾಯಿ ಒಂದೂ ವಾಪಸ್ಸು ಬಂದಿಲ್ಲ.
ಫೋಟೋದಲ್ಲಿ ನೋಡಿದೆ:
ಸೂರಿನ ಕೆಳಗೆ ಆರು, ಸಾಲಾಗಿ,
ಬಾಯಿ ಕಳೆದುಕೊಂಡು ಮಳೆಗೆ ಕಾಯುತ್ತಿವೆ.
ಒಂದರ ಮೇಲೆ ನನ್ನ ಅಕ್ಷರ ತಲೆಕೆಳಗು.
'ನೀರು ಇನ್ನೂ ಸಾಬೂನು ನಾರುತ್ತದೆ'
ಎಂದಳು ಲೆನೀರಾ ಫೋನಿನಲ್ಲಿ.
ದೂರೋ, ಸಂತೋಷವೋ ತಿಳಿಯಲಿಲ್ಲ.
ಅವಳ ದನಿ ನನಗೆ
ತಿಂಗಳಿಗೊಮ್ಮೆ ಹೊಸದಾಗಿ ಪರಿಚಯ.

ಮೊನ್ನೆ ಊರಿಂದ ಬಂದ ತೂಕಾ ಎಂಬವಳು
ಆಡಿನ ಹಾಲಿನ ಗಿಣ್ಣು ತಂದಳು, ಹುರಿಯದ ಕಾಫಿ ಬೀಜ ತಂದಳು,
ಗಿಣ್ಣಿನ ಜಿಡ್ಡು ಹತ್ತಿದ ಒಂದು ಕಾಗದವನ್ನೂ.
ಈ ಸಲ ಗೆರೆ ಎಲ್ಲೂ ನಡುಗಿಲ್ಲ.
ಅವಳೇ ಬರೆದುಕೊಂಡಿದ್ದಾಳೆ,
ಬಗ್ಗಿ, ಒಬ್ಬಳೇ, ಅವಸರವಿಲ್ಲದೆ.

ಬೂಟು ಕಳಚಿದೆ, ಕಾಲುಚೀಲ ಕಳಚಿದೆ.
ಹತ್ತು ಗಂಟೆ ಮಂಜುಗಡ್ಡೆ ನೀರಿನಲ್ಲಿ ನಿಂತು ಊದಿದ ಪಾದವನ್ನು
ಮಗಳ ಗೆರೆಯೊಳಗೆ ಇಟ್ಟೆ,
ತುದಿಗೆ ತುದಿ ಸೇರಿಸಿ.

ಹಿಮ್ಮಡಿಯ ಹಿಂದೆ
ಬಿಳೀ ಕಾಗದ ಉಳಿದಿತ್ತು.
ಬೆರಳಿಟ್ಟು ನೋಡಿದೆ.

ಕೆಳಗೆ ಬೀದಿಯಲ್ಲಿ
ಕಾರ್ಖಾನೆಯ ವ್ಯಾನು ಎರಡನೇ ಸಲ ಹಾರ್ನ್ ಹೊಡೆಯಿತು.
ಕಾಗದದಿಂದ ಇನ್ನೂ ಇಳಿದಿರಲಿಲ್ಲ ನಾನು.