ಬಗ್ಗಡ

ಗಣಿಯ ತೊಳೆನೀರ ಕಟ್ಟೆಗೆ ಕಾವಲಿದ್ದವನು ಜವನಯ್ಯ,
ಮೂರು ತಲೆಮಾರಿನ ನೀರುಗಂಟಿ.
ಊರ ಕೆರೆ ಹೂಳು ತುಂಬಿ ಬಯಲಾದ ಮೇಲೆ
ಕಂಪನಿ ಅವನಿಗೊಂದು ಟಾರ್ಚು, ಸೀಟಿ, ಖಾಕಿ ಅಂಗಿ ಕೊಟ್ಟಿತು.
ನನಗೆ ಕೊಟ್ಟದ್ದು ರಿಜಿಸ್ಟರು.

ಮೊದಲ ದಿನವೇ ಕೇಳಿದ:
"ಇದ್ರ ಕೋಡಿ ಎಲ್ಲದೆ ಬುದ್ದಿ?"
ಇಲ್ಲ ಅಂದೆ.
"ತೂಬು?"
ಪೈಪಿದೆ, ಮೋಟಾರು ರಿಪೇರಿಗೆ ನಂಜನಗೂಡಿಗೆ ಹೋಗಿದೆ.
ಎಲೆಅಡಿಕೆ ಉಗಿದು ಹೇಳಿದ,
"ಉಚ್ಚೆ ಕಟ್ಕೊಂಡ ಎತ್ತು ಕನ ಇದು."

ಅವನ ತಾತಂದಿರು ಏರಿ ಹಾಕುವಾಗ
ಜೇಡಿ ಸುರಿದು, ನೀರು ಚಿಮುಕಿಸಿ,
ಎಮ್ಮೆ ಓಡಾಡಿಸಿ ತುಳಿಸುತ್ತಿದ್ದರಂತೆ, ಮೊಳಕ್ಕೊಂದು ವಾರ.
ನಾವು ಹಾಗಲ್ಲ.
ನಿನ್ನೆಯ ಕೆಸರು ಮೇಲೆ ಕೆನೆ ಕಟ್ಟಿದರೆ ಸಾಕು,
ಅದರ ಮೇಲೇ ಇವತ್ತಿನ ದಂಡೆ,
ದಂಡೆಯ ಹಿಂದೆ ಮತ್ತೆ ಕೆಸರು.
ಅಂಬಲಿಯ ಮೇಲೆ ಗೋಡೆ.
ಐದನೇ ಸಲ ಎತ್ತರಿಸಿದಾಗ
ಮ್ಯಾನೇಜರು ಪ್ರಭುಸ್ವಾಮಿ ಎಲ್ಲರಿಗೂ ಜಹಾಂಗೀರು ಹಂಚಿದರು.

ಶ್ರಾವಣದ ಒಂದು ಸಂಜೆ
ಕಟ್ಟೆಯ ಬುಡದಿಂದ ಎದ್ದು ಬಂದ, ಕೈಯಲ್ಲಿ ಸ್ಟೀಲು ಲೋಟ.
ಒಳಗೆ ಎರಡು ಬೆರಳು ನೀರು, ಮಜ್ಜಿಗೆಯ ಬಣ್ಣ.
"ತಿಳಿ ಬಂದ್ರೆ ಏರಿ ಬೆವರ್ತಾ ಅದೆ.
ಬಗ್ಗಡ ಬಂದ್ರೆ ಏರಿ ಹೊಂಟದೆ.
ಬರ್ಕೊಳಿ."
ಲೋಟ ನನ್ನ ಮೇಜಿನ ಮೇಲಿಟ್ಟು ಹೋದ.

ಬರೆದೆ.
ಪ್ರಭುಸ್ವಾಮಿ ಫೋನಿನಲ್ಲೇ ತಿದ್ದಿಸಿದರು:
ತೇವ. ಸಾಮಾನ್ಯ.
ತಿದ್ದಿದ್ದು ನನ್ನ ಕೈ.

ಬೆಳಗಿನ ಜಾವ ಸೀಟಿ ಕೇಳಿದವರು
ಕಳ್ಳ ಅಂದುಕೊಂಡರು.
ದೊಣ್ಣೆ ಹಿಡಿದು ಹೊರಗೆ ಓಡಿಬಂದರಲ್ಲ,
ಅವರು ಉಳಿದರು.

ನೀರಾಗಿದ್ದರೆ ಹರಿದು ಹೋಗುತ್ತಿತ್ತು.
ಇದು ಬಂದು ಕೂತಿತು.
ಸೊಂಟದ ಮಟ್ಟ, ಬೆಳ್ಳಗೆ,
ಕೊಟ್ಟಿಗೆಯಲ್ಲಿ, ಪಂಪ್‌ಹೌಸಿನಲ್ಲಿ,
ಹೋದ ವಾರ ನಾಟಿಯಾದ ಗದ್ದೆಗಳಲ್ಲಿ;
ಹಬ್ಬಕ್ಕೆ ಸುಣ್ಣ ಬಳಿದ ಊರಿನ ಹಾಗೆ.
ಕೆಂಪನಂಜಿಯ ಸೀಮೆಹಸು
ಮೂರು ದಿನ ನಿಂತಲ್ಲೇ ನಿಂತಿತ್ತು, ಸತ್ತು.

ಹನ್ನೊಂದು ಜನ ಅಂದಿತು ಪಟ್ಟಿ.
ಜವನಯ್ಯ ಗುತ್ತಿಗೆಯವನು, ಲೆಕ್ಕಕ್ಕೆ ತಡವಾಗಿ ಬಂದ.

ವಿಚಾರಣೆಯಲ್ಲಿ ಅತಿವೃಷ್ಟಿ ಅಂದರು.
ಆ ವಾರದ ಮಳೆ ನನ್ನದೇ ಅಕ್ಷರದಲ್ಲಿದೆ:
ಆರು ಮಿಲಿಮೀಟರು.
ಅದನ್ನು ತಿದ್ದಿಸಲು ಮರೆತರು.

ನಾಳೆ ಮೊದಲ ಬಸ್ಸಿಗೆ ಮೈಸೂರು.
ಚೀಲದಲ್ಲಿ ರಿಜಿಸ್ಟರು,
ಪೇಪರಿನಲ್ಲಿ ಸುತ್ತಿದ ಲೋಟ.
ನೀರು ಆರಿದೆ.
ತಳದಲ್ಲಿ ಕೂತದ್ದನ್ನು
ತೊಳೆದಿಲ್ಲ.